ಚಹಾದಂಗಡಿ ಹಿಂದಿನ ಮನೆ

ನಮ್ಮ ಮನೆಗೆ ಸೆಕ್ಟರ್ ನಂಬರ್ ಇದೆ, ಪ್ಲಾಟ್ ನಂಬರ್ ಇದೆ, ಗೇಟಿನ ಮೇಲೆ ಅಪ್ಪನ ಹೆಸರು ಕೆತ್ತಿಸಿದ ಕಲ್ಲೂ ಇದೆ. ಇವು ಮೂರನ್ನೂ ನೋಡಿಕೊಂಡು ಇವತ್ತಿನವರೆಗೆ ಒಬ್ಬರೂ ನಮ್ಮ ಮನೆಗೆ ಬಂದಿಲ್ಲ. ಬಂದವರೆಲ್ಲ ಚಹಾದಂಗಡಿ ಕೇಳಿಕೊಂಡೇ ಬಂದವರು.

ಹಳೇ ಬಾಗಲಕೋಟೆಯಲ್ಲಿ ಈ ತಾಪತ್ರಯ ಇರಲಿಲ್ಲ. ಓಣಿ ಹೆಸರು ಹೇಳಿ, ಗುಡಿ ದಾಟಿ ಬರ್ರಿ ಅಂದರೆ ಮುಗಿಯಿತು. ಆಲಮಟ್ಟಿ ಹಿನ್ನೀರಿಗೆ ಎಷ್ಟೋ ಓಣಿಗಳು ಹೋದವು. ನವನಗರಕ್ಕೆ ಬಂದವರಿಗೆ ಓಣಿಯ ಬದಲು ನಂಬರ್ ಸಿಕ್ಕಿತು. ಇಲ್ಲಿ ಯಾವ ತಿರುವಿನಲ್ಲಿ ನಿಂತರೂ ಈಗಷ್ಟೇ ಇಲ್ಲೇ ನಿಂತಿದ್ದೆ ಅಲ್ವಾ ಅನ್ನಿಸುತ್ತದೆ. ಬಂದ ಮೊದಲ ವಾರ ಅಪ್ಪ ಬೇರೆ ಯಾರದೋ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಕುರ್ಚಿ ಮೇಲೆ ಕೂತು ನೀರು ಕೇಳಿದ್ದರಂತೆ. ಅವರು ಕೊಟ್ಟರಂತೆ. ಅವರಿಗೂ ಅದು ತಮ್ಮದೇ ಮನೆ ಹೌದೋ ಅಲ್ಲವೋ ಅಂತ ಅನುಮಾನ ಇದ್ದಿರಬೇಕು.

ಹಾಗಾಗಿ ಇಡೀ ಸೆಕ್ಟರಿಗೆ ಗುರುತು ಅಂದರೆ ಕಾಕಾನ ಚಹಾದಂಗಡಿ. ತಗಡಿನ ಶೆಡ್ಡು, ಎರಡು ಬೆಂಚು, ಒಂದು ಬೇವಿನ ಮರ. ಶುಂಠಿ ಜಜ್ಜಲು ಕಾಕಾನ ಹತ್ತಿರ ಅರ್ಧ ಕೆಜಿ ತೂಕದ ಹಳೇ ಕಬ್ಬಿಣದ ಬಟ್ಟು ಇದೆ. ಜಜ್ಜುತ್ತಾರೆ, ಪಾತ್ರೆಗೆ ತಳ್ಳುತ್ತಾರೆ, ಬಟ್ಟನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ. ಚಹಾ ಉಕ್ಕಿ ಅಂಚಿಗೆ ಬರುವ ಹೊತ್ತಿಗೆ ಪಾತ್ರೆ ಮೇಲೆ ಹೋಗಿರುತ್ತದೆ. ಕಾಕಾ ಆಗ ಯಾರ ಜೊತೆಗೋ ವಾದ ಮಾಡುತ್ತಿರುತ್ತಾರೆ, ಒಲೆಯ ಕಡೆ ನೋಡುವುದೂ ಇಲ್ಲ. ಒಂದು ಹನಿ ಚೆಲ್ಲಿದ್ದು ನಾನು ಕಂಡಿಲ್ಲ.

ನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು ಬಂದ ನನಗೆ ಕಾಫಿ ಚಟ ಹತ್ತಿತ್ತು. ಅಂಗಡಿ ಬೋರ್ಡಿನಲ್ಲಿ ‘ಚಹಾ-ಕಾಫಿ’ ಅಂತ ಬರೆದಿದ್ದನ್ನು ನಂಬಿ ಒಂದು ದಿನ ಕಾಫಿ ಕೇಳಿಬಿಟ್ಟೆ. ಎರಡೂ ಬೆಂಚು ಸುಮ್ಮನಾದವು.

“ಯಾಕೋ ತಮ್ಮಾ, ಆರಾಮಿಲ್ಲೇನು?” ಅಂದರು ಒಬ್ಬರು.

ಕಾಕಾ ಮೊಳೆಗೆ ತೂಗುಬಿಟ್ಟಿದ್ದ ಕಾಫಿ ಪುಡಿ ಪಾಕೀಟಿನ ಮಾಲೆಯಿಂದ ಒಂದನ್ನು ಹರಿದು ಧೂಳು ಊದಿದರು. ಒಳಗೆ ಪುಡಿ ಕಲ್ಲಾಗಿತ್ತು. ಅದನ್ನೂ ಅದೇ ಬಟ್ಟಿನಿಂದ ಜಜ್ಜಿದರು. ಶುಂಠಿ ಘಾಟಿನ ಆ ಕಾಫಿ ಕುಡಿದು ನಾನು ಮನೆ ಮುಟ್ಟುವಷ್ಟರಲ್ಲಿ ಅವ್ವ ಬಾಗಿಲಲ್ಲೇ ನಿಂತಿದ್ದಳು. “ಜ್ವರ ಬಂದಾವಂತಲ್ಲೋ?”

ಮಳೆಗಾಲದಲ್ಲಿ ಬೆಂಚಿನ ಮೇಲೆ ಒಂದೇ ಮಾತು, ಆಲಮಟ್ಟಿ ನೀರು. ಈಗ ಡ್ಯಾಮ್ ತುಂಬುವುದು 519.60 ಮೀಟರಿಗೆ. 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣ ಒಪ್ಪಿದ್ದು 524.256. ಆ ಕೊನೆಯ 256 ಅನ್ನು ನಮ್ಮ ಬೆಂಚು ಎಂದೂ ಬಿಡುವುದಿಲ್ಲ. ಅದನ್ನು ಅಡಿಗೆ ತಿರುಗಿಸಿದರೆ ಸರಿಯಾಗಿ 1720 ಅಂತ ರಿಟೈರ್ಡ್ ಮಾಸ್ತರರೊಬ್ಬರು ಚಹಾದಲ್ಲಿ ಬೆರಳದ್ದಿ ಬೆಂಚಿನ ಮೇಲೇ ಲೆಕ್ಕ ಮಾಡಿ ತೋರಿಸಿದರು. ನೊಣ ಬರುವುದರೊಳಗೆ ಉತ್ತರವೂ ಬಂತು. ಇದೇ ಮಾಸ್ತರರಿಗೆ ಅವರ ಪ್ಲಾಟ್ ನಂಬರ್ ಕೇಳಿ ನೋಡಿ. “ಚಹಾದಂಗಡಿಯಿಂದ ಬಲಕ್ಕ” ಅನ್ನುತ್ತಾರೆ.

ಇರಲಿ. ನನ್ನ ಕತೆಗೆ ಬರುತ್ತೇನೆ.

ಹುಡುಗಿ ಕಡೆಯವರು ನಮ್ಮ ಮನೆ ನೋಡಲು ಬರುವವರಿದ್ದರು. ರೂಢಿಯಂತೆ ಚಹಾದಂಗಡಿ ಹಿಂದಿನ ಮನೆ ಅಂದಿದ್ದೆ. ಹನ್ನೊಂದಕ್ಕೆ ಬರಬೇಕಾದವರು ಹನ್ನೆರಡಾದರೂ ಇಲ್ಲ. ಫೋನ್ ಮಾಡಿದರೆ, “ಇಲ್ಲೇ ಅದೀವ್ರಿ, ಚಾ ಕುಡಿಯಾಕತ್ತೀವಿ” ಅಂದರು. ಹಿಂದುಗಡೆ ಕಾಕಾನ ನಗು ಕೇಳಿಸಿತು. ನನ್ನ ಎದೆ ಧಸಕ್ಕೆಂದಿತು.

ಬೆಂಚಿನವರು ನನ್ನ ಬಗ್ಗೆ ಬರೀ ಒಳ್ಳೆಯದನ್ನೇ ಹೇಳಿದ್ದರು. ಅದೇ ತೊಂದರೆಯಾಯಿತು. “ಬಂಗಾರದಂಥ ಹುಡುಗ. ಎರಡು ಸಾವಿರ ಉದ್ರಿ ಐತಿ, ಕೇಳಿದ್ರ ಒಂದಿನಾ ಸಿಟ್ಟಾಗಿಲ್ಲ.” “ಬೆಂಗಳೂರಾಗಿನ ನೌಕರಿ ಬಿಟ್ಟು ಬಂದಾನ, ಮುಖದ ಮ್ಯಾಲೆ ಒಂದೀಟೂ ಚಿಂತಿ ಇಲ್ಲ ನೋಡ್ರಿ.” ಕೊನೆಗೆ ಮಾಸ್ತರರು ಸೇರಿಸಿದರಂತೆ, “ನಡುವ ಕಾಫಿ ಕುಡಿಯೂ ಮಟ್ಟಕ್ಕ ಹೋಗಿದ್ದ. ಈಗ ಆರಾಮ ಅದಾನ.”

ಹುಡುಗಿಯ ಅಪ್ಪ ಒಳಗೆ ಬಂದವರೇ ಕೇಳಿದ ಮೊದಲ ಪ್ರಶ್ನೆ, “ಈಗ ತಬ್ಬೇತ್ ಹೆಂಗೈತಿ?” ಅವ್ವ ಮಾಡಿದ ಅವಲಕ್ಕಿ ಹಾಗೇ ಉಳಿಯಿತು, ಅವರು ಅಂಗಡಿಯಲ್ಲೇ ಮಿರ್ಚಿ ಭಜಿ ಮುಗಿಸಿ ಬಂದಿದ್ದರು. ಹೋಗುವಾಗ, ಮತ್ತೊಮ್ಮೆ ಬರ್ತೀವಿ ಅಂದರು.

ಹೋದ ತಿಂಗಳು ಕಾಕಾ ಅಂಗಡಿ ಕಿತ್ತು ಎರಡು ರಸ್ತೆ ಆಚೆ ಹಾಕಿದರು. ಬೆಂಚು, ಬೋರ್ಡು, ಕಾಫಿ ಮಾಲೆ, ಮಾಸ್ತರರು ಎಲ್ಲ ಅಲ್ಲಿಗೇ ಹೋದರು. ನನ್ನ ವಿಳಾಸವೂ ಹೋಗಿದೆ ಅಂತ ಗೊತ್ತಾದದ್ದು ತಡವಾಗಿ. ಮೊನ್ನೆ ಪಾರ್ಸಲ್ ಹುಡುಕಿಕೊಂಡು ಆ ಹೊಸ ಜಾಗದ ಹಿಂದಿನ ಮನೆಗೆ ಹೋದೆ. ಅಲ್ಲಿನ ಅಜ್ಜಿ ನನ್ನ ಹೆಸರಿನ ಎರಡು ಪಾರ್ಸಲ್, ಒಂದು ಬ್ಯಾಂಕಿನ ಕಾಗದ, ಮೂರು ಲಗ್ನಪತ್ರಿಕೆ ಜೋಡಿಸಿ ಇಟ್ಟಿದ್ದಳು.

“ಹೋದ ಐತವಾರ ನಿಮ್ಮ ಬೀಗರಾಗೋರೂ ಬಂದಿದ್ರಪಾ,” ಅಂದಳು. “ಭಾಳ ಛಲೋ ಮಂದಿ. ಉಂಡು ಹೋದ್ರು.”

ಆ ಮನೆಯಲ್ಲೂ ಒಬ್ಬ ಹುಡುಗ ಇದ್ದಾನೆ. ಚಹಾನೇ ಕುಡಿಯುತ್ತಾನಂತೆ.