ಮಿಂಟ್ ಹಾಕುವ ಮುನ್ನ ವಿಂಡೋಸ್‌ನಲ್ಲೇ ಮುಗಿಸಬೇಕಾದ ಕೆಲಸ

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದ್ದರಿಂದ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿ ಎಂಬ ಸಲಹೆ ಸರಿಯಾಗಿದೆ. ಆದರೆ ಹೊಸಬರು ಎಡವುವುದು ಇನ್‌ಸ್ಟಾಲ್ ಮಾಡುವಾಗ ಅಲ್ಲ, ಅದಕ್ಕೂ ಮೊದಲು.

ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಮಿಂಟ್ ಹಾಕುವುದಾದರೆ ಮೊದಲು ಬಿಟ್‌ಲಾಕರ್, ಅಂದರೆ ಡಿಸ್ಕ್‌ನಲ್ಲಿರುವುದನ್ನು ಗೂಢಲಿಪಿಯಾಗಿಸುವ ವಿಂಡೋಸ್ ಸೌಲಭ್ಯ, ಆನ್ ಇದೆಯೇ ನೋಡಿ. ಹೋಮ್ ಆವೃತ್ತಿಯಲ್ಲೂ 'ಡಿವೈಸ್ ಎನ್‌ಕ್ರಿಪ್ಷನ್' ಹೆಸರಿನಲ್ಲಿ ತಾನಾಗಿಯೇ ಆನ್ ಆಗಿರಬಹುದು. ರಿಕವರಿ ಕೀ (ಆ ಬೀಗ ತೆರೆಯುವ ಸಂಖ್ಯೆ) ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಆಮೇಲೆ ಆಫ್ ಮಾಡಿ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಕೂಡ ತೆಗೆಯಿರಿ. ಅದು ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ರೆಯಲ್ಲೇ ಇರುತ್ತದೆ. ಮಿಂಟ್‌ನಿಂದ ಆ ಡ್ರೈವ್‌ಗೆ ಫೈಲ್ ಬರೆಯಲು ಆಗುವುದಿಲ್ಲ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಎಸ್‌ಎಸ್‌ಡಿ ಕೆಟ್ಟಿದೆ ಅಂದುಕೊಳ್ಳಬೇಡಿ. ಅನೇಕ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್‌ನ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳ) ಸ್ಟೋರೇಜ್ ಮೋಡ್ ಆರ್‌ಎಸ್‌ಟಿ (RST) ಅಥವಾ ರೇಡ್‌ನಲ್ಲಿರುತ್ತದೆ (RAID), ಅದನ್ನು ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುವ ಎಎಚ್‌ಸಿಐ (AHCI) ಮೋಡ್‌ಗೆ ಬದಲಿಸಬೇಕು. ವಿಂಡೋಸ್ ಉಳಿಸುವವರು ಮೊದಲು ವಿಂಡೋಸ್ ಸೇಫ್ ಮೋಡ್‌ನಲ್ಲಿ ಬೂಟ್ ಆಗುವಂತೆ ಹೊಂದಿಸಿಯೇ ಈ ಮೋಡ್ ಬದಲಿಸಿ, ಇಲ್ಲದಿದ್ದರೆ ವಿಂಡೋಸ್ ತೆರೆಯದೆ ನೀಲಿ ಪರದೆ ಗ್ಯಾರಂಟಿ.

ಮಿಂಟ್‌ಗೆ ಕನಿಷ್ಠ 20 ಜಿಬಿ ಜಾಗ, 2 ಜಿಬಿ ರ‍್ಯಾಮ್ ಸಾಕು ಎನ್ನುತ್ತಾರೆ. ಬ್ರೌಸರ್ ತೆರೆದು ಕೆಲಸ ಮಾಡುವವರಿಗೆ 4 ಜಿಬಿ ಬೇಕೇ ಬೇಕು. ಪೆನ್‌ಡ್ರೈವ್‌ನಿಂದ ಲೈವ್ ಆಗಿ (ಇನ್‌ಸ್ಟಾಲ್ ಮಾಡದೆಯೇ) ಓಡಿಸಿ ವೈಫೈ, ಧ್ವನಿ, ಕ್ಯಾಮೆರಾ ಪರೀಕ್ಷಿಸಿ. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ ಇದ್ದು ವೈಫೈ ಹಿಡಿಯದಿದ್ದರೆ ಫೋನ್‌ನ ಯುಎಸ್‌ಬಿ ಟೆದರಿಂಗ್‌ನಲ್ಲಿ ಇಂಟರ್ನೆಟ್ ಕೊಟ್ಟು ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದು ಡ್ರೈವರ್ ಹಾಕಿಕೊಳ್ಳಿ.

ಕನ್ನಡ ಟೈಪಿಂಗ್‌ಗೆ ಮಿಂಟ್‌ನ ಕೀಬೋರ್ಡ್ ಲೇಔಟ್‌ಗಳಲ್ಲೇ 'ಕಗಪ' ಇದೆ, ನುಡಿ ರೂಢಿಯಿದ್ದವರಿಗೆ ಕೈ ಒಗ್ಗುತ್ತದೆ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿರುವ ಆನ್ಸಿ ಕಡತಗಳನ್ನು (ಆಯಾ ಫಾಂಟ್ ಇಲ್ಲದೆ ಸರಿಯಾಗಿ ಓದಲಾಗದ ಹಳೇ ಬಗೆಯವು) ಮಾತ್ರ ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.