ಡೋರ್ ಲಾಕ್

ಪಾಲಿನ ದಾವೆ ಮೂರನೇ ವರ್ಷಕ್ಕೆ ಬಿದ್ದರೂ ಆರ್ಡರ್ ಶೀಟಿನಲ್ಲಿ ‘ಪ್ರತಿವಾದಿ 7ಕ್ಕೆ ಸಮನ್ಸ್ ಜಾರಿಯಾಗಿಲ್ಲ, ಪಿಎಫ್ ಕಟ್ಟಿದರೆ ಮರು ಸಮನ್ಸ್’ ಅಂತಲೇ ಇದ್ದರೆ ಗಾಬರಿಯಾಗಬೇಡಿ. (ಪಿಎಫ್ ಅಂದರೆ ಪ್ರೋಸೆಸ್ ಫೀ, ಸಮನ್ಸ್ ಕಳಿಸುವ ಶುಲ್ಕ.) ಕೇಸು ಸರಿಯಾಗಿಯೇ ನಡೆಯುತ್ತಿದೆ. ಏಳನೆಯವರು ಬೇರೆ ಯಾರೂ ಅಲ್ಲ, ವಾದಿಯ ಚಿಕ್ಕಪ್ಪ. ಊರಲ್ಲೇ ಇದ್ದಾರೆ. ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದಿದ್ದರು, ಮೊನ್ನೆ ಮದುವೆಯಲ್ಲಿ ವಾದಿಯ ಎದುರು ಪಂಕ್ತಿಯಲ್ಲೇ ಕೂತು ಎರಡನೇ ಹೋಳಿಗೆ ಹಾಕಿಸಿಕೊಂಡರು. ಸಮನ್ಸ್ ಹಿಡಿದು ಕೋರ್ಟಿನ ಅಮೀನರು ಹೋದಾಗ ಮಾತ್ರ ಇರುವುದಿಲ್ಲ. ‘ಜಾರಿ’ ಎಂಬ ಪದದಲ್ಲೇ ದೋಷವಿದ್ದೀತು. ಕೋರ್ಟು ಜಾರಿ ಮಾಡು ಅನ್ನುತ್ತದೆ, ಪ್ರತಿವಾದಿ ಜಾರಿಕೊಳ್ಳುತ್ತಾರೆ.

ಕಾನೂನನ್ನು ದೂರುವಂತಿಲ್ಲ. 1908ರ ಸಿಪಿಸಿಯ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ, ಆರ್ಡರ್ 5 ಒಳ್ಳೆ ಮನೆತನದ ಹಿರಿಯರು ಬರೆದ ಹಾಗಿದೆ. ಮೊದಲು ಆಸಾಮಿಯ ಕೈಗೇ ಕೊಡಿ, ಸಹಿ ಹಾಕಿಸಿಕೊಳ್ಳಿ. ಅವರು ಸಿಗದೆ, ಬೇಗ ಸಿಗುವ ಸೂಚನೆಯೂ ಇಲ್ಲದಿದ್ದರೆ ಜೊತೆಗಿರುವ ಮನೆಮಂದಿಯಲ್ಲಿ ವಯಸ್ಕರೊಬ್ಬರಿಗೆ ಕೊಡಿ. ಮನೆಗೆಲಸದವರಿಗೆ ಕೊಟ್ಟರೆ ಲೆಕ್ಕಕ್ಕಿಲ್ಲ. ಸಹಿ ಹಾಕಲ್ಲ ಅಂದರೆ, ಇಲ್ಲವೇ ಹುಡುಕಿಯೂ ಸಿಗದಿದ್ದರೆ, ಹೊರಬಾಗಿಲಿಗೆ ಅಂಟಿಸಿ. ಮನೆ ತೋರಿಸಿದವರು ಯಾರು, ಯಾರ ಎದುರು ಅಂಟಿಸಿದಿರಿ ಅನ್ನುವುದನ್ನು ಹೆಸರು ವಿಳಾಸ ಸಮೇತ ಷರಾ ಬರೆಯಿರಿ. ಮಜಾ ಇರುವುದೇ ಇಲ್ಲಿ. ಪಕ್ಕದ ಮನೆಯವರು “ಹೌದು ಸ್ವಾಮಿ, ಇದೇ ಮನೆ” ಅನ್ನುತ್ತಾರೆ. “ನಿಮ್ಮ ಹೆಸರು ಹೇಳಿ, ಬರ್ಕೋತೀನಿ” ಅಂದ ತಕ್ಷಣ ಅವರಿಗೆ ಒಲೆ ಮೇಲೆ ಹಾಲಿಟ್ಟದ್ದು ನೆನಪಾಗುತ್ತದೆ. ಕಡೆಗೆ ಕೋರ್ಟಿಗೆ ಬರುವ ಷರಾ: ‘ಪ್ರತಿವಾದಿ ಮನೆಯಲ್ಲಿ ಇರಲಿಲ್ಲ, ವಾಪಸ್’. ಎಷ್ಟು ಹೊತ್ತಿಗೆ ಹೋದರು, ಎಷ್ಟು ಸಲ ಹೋದರು, ಎಲ್ಲಿಗೆ ಹೋಗಿದ್ದಾರೆಂದು ಯಾರನ್ನು ಕೇಳಿದರು, ಒಂದೂ ಇಲ್ಲ. ಮರು ಸಮನ್ಸ್.

ವಯಸ್ಕರೊಬ್ಬರು ಅಂದೆನಲ್ಲ, ಮೊದಲು ಅಲ್ಲಿ ‘ವಯಸ್ಕ ಗಂಡಸು’ ಅಂತಿತ್ತು. ಹೆಂಗಸರೂ ಒಂದು ಕಾಗದ ಇಸಿದುಕೊಳ್ಳಬಲ್ಲರು ಎಂಬುದು ಸಿವಿಲ್ ಕಾನೂನಿಗೆ ಹೊಳೆದದ್ದು 1976ರ ತಿದ್ದುಪಡಿಯಲ್ಲಿ. ಆಗ ದೇಶದ ಪ್ರಧಾನಿ ಯಾರಿದ್ದರು, ನೆನಪಿಸಿಕೊಳ್ಳಿ. ಕ್ರಿಮಿನಲ್ ಕಾನೂನು ಇನ್ನೂ ಗಟ್ಟಿ. 1973ರ ಸಿಆರ್‌ಪಿಸಿಯಲ್ಲಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಆ ಗಂಡಸು 2024ರ ಜೂನ್ 30ರವರೆಗೂ ಮೀಸೆ ತಿರುವುತ್ತ ಕೂತಿದ್ದ. ಹೈಕೋರ್ಟ್ ನ್ಯಾಯಮೂರ್ತಿಯಾದ ಹೆಣ್ಣುಮಗಳು ಹಗಲೆಲ್ಲ ತೀರ್ಪು ಬರೆಯಬಹುದಿತ್ತು, ಸಂಜೆ ಮನೆಯಲ್ಲಿ ಮೈದುನನ ಸಮನ್ಸ್ ಪಡೆಯುವಂತಿರಲಿಲ್ಲ. ಮರುದಿನ ಅದರ ಜಾಗಕ್ಕೆ ಬಿಎನ್‌ಎಸ್‌ಎಸ್, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಂತು, ‘ಗಂಡಸು’ ಉದುರಿದ.

ಅಂಚೆಯದು ಬೇರೆಯೇ ಸಾಹಿತ್ಯ. ಲಕೋಟೆಯ ಬೆನ್ನ ಮೇಲೆ ಒಂದೆರಡೇ ಪದ, ಅದಕ್ಕೆ ಎರಡು ವಾಯಿದೆ ವಾದ. ‘ರೆಫ್ಯೂಸ್ಡ್’ ಅಂತಿದ್ದರೆ ವಾದಿಯ ವಕೀಲರಿಗೆ ಹಬ್ಬ, ಜಾರಿಯಾದಂತೆಯೇ. ‘ಲೆಫ್ಟ್’ ಅಂತಿದ್ದರೆ ಹೊಸ ವಿಳಾಸ ಹುಡುಕಬೇಕು. ‘ಡೋರ್ ಲಾಕ್’ಗೆ ಒಂದೊಂದು ಕೋರ್ಟ್ ಹಾಲಿನಲ್ಲಿ ಒಂದೊಂದು ಅರ್ಥ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ. ಇನ್ನು ಬೀಗ ಹಾಕಿದ ಬಾಗಿಲಿಗೆ ಬೇಗ ತಲುಪುತ್ತದೆ.

ವಾಟ್ಸ್ಯಾಪ್ ಇದೆಯಲ್ಲ ಅನ್ನುತ್ತೀರಿ. 2018ರಲ್ಲಿ ಬಾಂಬೆ ಹೈಕೋರ್ಟ್ ಟಿಕ್ ಗುರುತು ನೋಡಿ ನೋಟಿಸ್ ತಲುಪಿದೆ ಎಂದಿತ್ತು. ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಅದೇ ಕೋರ್ಟು 2025ರ ಜನವರಿಯಲ್ಲಿ, ಪೊಲೀಸರು ಹಾಜರಾತಿ ನೋಟಿಸನ್ನು ವಾಟ್ಸ್ಯಾಪಿನಲ್ಲಿ ಕಳಿಸಕೂಡದು ಎಂದಿತು. ಅದು ಸರಿಯೇ, ಅಲ್ಲಿ ತಪ್ಪಿದರೆ ಜೈಲಿನ ಮಾತು. ನಮ್ಮ ಚಿಕ್ಕಪ್ಪನವರು ಮಾತ್ರ ನೀಲಿ ಟಿಕ್ ಆಫ್ ಮಾಡಿಟ್ಟು ಫ್ಯಾಮಿಲಿ ಗ್ರೂಪಿಗೆ ದಿನಾ ಶುಭೋದಯದ ಗುಲಾಬಿ ಹಾಕುತ್ತಾರೆ. ವಾದಿಯೂ ಅದೇ ಗ್ರೂಪಿನಲ್ಲಿದ್ದಾಳೆ.

ಪ್ರತಿವಾದಿ ತಕರಾರು ಸಲ್ಲಿಸಲು 30 ದಿನ, ಹೆಚ್ಚೆಂದರೆ 90. ಎಣಿಕೆ ಶುರುವಾಗುವುದು ಸಮನ್ಸ್ ಜಾರಿಯಾದ ದಿನದಿಂದ. ಬಾಗಿಲು ಹಾಕಿಕೊಂಡವರಿಗೆ ಆ ದಿನವೇ ಬರುವುದಿಲ್ಲ. ವಾದಿಯೋ, ಸಮನ್ಸ್ ವಾಪಸಾಗಿ ಏಳು ದಿನದೊಳಗೆ ಮತ್ತೆ ಅರ್ಜಿ ಹಾಕದಿದ್ದರೆ ದಾವೆಯೇ ವಜಾ ಆಗಬಹುದು. ನಡುವೆ ಹನ್ನೊಂದನೇ ಪ್ರತಿವಾದಿ ತೀರಿಕೊಂಡರೆ 90 ದಿನದಲ್ಲಿ ವಾರಸುದಾರರನ್ನು ತರಬೇಕು. ಐದು ಮಕ್ಕಳು, ಐದು ಸಮನ್ಸ್, ಐದು ದಾವಾ ಪ್ರತಿ, ಐದು ಸಲ ಪಿಎಫ್. ತವರಿನ ಒಂದೂವರೆ ಎಕರೆಯಲ್ಲಿ ಪಾಲು ಕೇಳಿದ ಹೆಂಗಸು ಕೂಲಿ ಬಿಟ್ಟು, ಬಸ್ ಚಾರ್ಜು ಹಾಕಿಕೊಂಡು ಬಂದು, ಕೂಗಿದಾಗ ಎದ್ದು ನಿಂತು, ಮುಂದಿನ ತಾರೀಖು ಕೇಳಿಕೊಂಡು ಹೋಗುತ್ತಾಳೆ. ಎಲ್ಲರಿಗೂ ಗೊತ್ತು ಆ ಮನುಷ್ಯ ಎಲ್ಲಿದ್ದಾನೆಂದು. ಎಲ್ಲರಿಗೂ. ಥೂ.

ಕೊನೆಗೆ ಪೇಪರ್ ಪಬ್ಲಿಕೇಶನ್. ಟೆಂಡರಿಗೂ ಹೆಸರು ಬದಲಾವಣೆಗೂ ನಡುವೆ ಇರುವೆ ಗಾತ್ರದ ಅಕ್ಷರ. ಓದದಿದ್ದರೂ ಓದಿದಂತೆ. ಪ್ರತಿವಾದಿ ಬಾರದೆಯೇ ಎಕ್ಸ್‌ಪಾರ್ಟಿ ಡಿಕ್ರಿ ಆಗುತ್ತದೆ. ಆಗ ಚಿಕ್ಕಪ್ಪನವರು “ನಂಗೆ ಗೊತ್ತೇ ಇರ್ಲಿಲ್ಲ ಸ್ವಾಮಿ” ಅಂತ ಆರ್ಡರ್ 9 ರೂಲ್ 13ರ ಅರ್ಜಿ ಹಿಡಿದು ಪ್ರತ್ಯಕ್ಷ. ಎದುರು ಪಾರ್ಟಿಗೆ ನೋಟಿಸ್ ಕೊಡದೆ ಡಿಕ್ರಿ ರದ್ದು ಮಾಡುವಂತಿಲ್ಲ ಅನ್ನುತ್ತದೆ ರೂಲ್ 14. ಹಾಗಾಗಿ ವಾದಿಗೆ ನೋಟಿಸ್. ಅಮೀನರು ಹೋದರು. ಆಕೆ ಜಮೀನು ಹಂಚುವ ಫೈನಲ್ ಡಿಕ್ರಿ ವಾಯಿದೆಗೆಂದು ಕೋರ್ಟಿಗೆ ಹೋಗಿದ್ದಳು.

ಷರಾ: ಡೋರ್ ಲಾಕ್.