ಗಟಾರಕ್ಕೆ ರಂಗೋಲಿ, ಹೊಟ್ಟೆಗೆ ಗುಳಿಗಿ

ಮಳೆ ಬಿತ್ತು, ಗಟಾರ ಹೋಗಿ ನಳ ಸೇರಿತು, ಓಣಿಗೆ ಓಣಿಯೇ ತಂಬಿಗೆ ಹಿಡಿದು ಓಡಿತು. ಮರುದಿನ ಪೇಪರಿನಲ್ಲಿ ಅದೇ ಹಳೇ ತಲೆಬರಹ: ‘ವಾಂತಿ-ಭೇದಿ: ಪರಿಸ್ಥಿತಿ ಹತೋಟಿಯಲ್ಲಿ’. ರಾಯಚೂರಿನವರಿಗೆ ಬಿಡಿಸಿ ಹೇಳಬೇಕೆ? ನಳದ ಹೊಲಸು ನೀರು ಕುಡಿದು ಜನ ಸತ್ತ 2022ರ ಬೇಸಿಗೆಯನ್ನು ಯಾರೂ ಮರೆತಿಲ್ಲ.

ಹತೋಟಿಗೆ ತರುವ ಪರಿ ಮಾತ್ರ ಕಣ್ಣಿಗೆ ಹಬ್ಬ. ಸಾಹೇಬರ ಜೀಪು ಬರುವ ಮುಂಚೆ ಗಟಾರದ ಎರಡೂ ದಂಡೆಗೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ. ಪಂಚಮಿಗೂ ಇಷ್ಟು ನೀಟಾದ ರಂಗೋಲಿ ಬೀಳುವುದಿಲ್ಲ. ಗಟಾರದ ನೀರನ್ನು ಯಾರೂ ಕುಡಿಯುವುದಿಲ್ಲ ಎಂಬ ಸಣ್ಣ ವಿಷಯ ಬಿಡಿ. ಕುಡಿಯುವ ಟ್ಯಾಂಕಿಗೆ ಎಷ್ಟು ಹಾಕಿದ್ರಿ ಅಂದರೆ ವಾಟರ್‌ಮನ್ ಬೊಗಸೆ ತೋರಿಸುತ್ತಾನೆ. ತಾಜಾ ಪುಡಿಯಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕುಂತ ಮೇಲೆ ತಿಳಿನೀರಷ್ಟೇ ಟ್ಯಾಂಕಿಗೆ. ಆಮೇಲೆ ಅರ್ಧ ಗಂಟೆ ನಳ ಬಿಡಬಾರದು. ಬಾಯಿ ಬಿಚ್ಚಿದ ಚೀಲ ನಮ್ಮ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಪಂಪ್‌ಹೌಸಿನ ಮೂಲೆ ಹಿಡಿದರೆ ಕ್ಲೋರಿನ್ ಹಾರಿಹೋಗಿ, ಉಳಿಯುವುದು ಎಲೆಗೆ ಹಚ್ಚಲಿಕ್ಕೂ ಬಾರದ ಸುಣ್ಣದ ಗಡ್ಡೆ.

ಇಷ್ಟನ್ನೂ ಸರಿಯಾಗಿ ಮಾಡಿದರೂ ಜಗ್ಗದ ಜಟ್ಟಿಯೊಬ್ಬನಿದ್ದಾನೆ, ಕ್ರಿಪ್ಟೋಸ್ಪೊರಿಡಿಯಂ. ಐದಾರು ಮೈಕ್ರಾನಿನ ಈ ಪರೋಪಜೀವಿ ಗಟ್ಟಿ ಚಿಪ್ಪಿನೊಳಗೆ ಕೂತು, ನಳದ ನೀರಿನಷ್ಟು ಕ್ಲೋರಿನ್ನಿನಲ್ಲಿ ದಿನಗಟ್ಟಲೆ ಆರಾಮಾಗಿ ಬದುಕುತ್ತದೆ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ನಾಲ್ಕು ಲಕ್ಷ ಜನರನ್ನು ಭೇದಿ ಹಚ್ಚಿ ಮಲಗಿಸಿದ್ದು ಇದೇ, ಅದೂ ಸೋಸಿ ಕ್ಲೋರಿನ್ ಹಾಕಿದ ನೀರಿನಿಂದ. ನೀರು ಒಂದು ನಿಮಿಷ ಕೊತಕೊತ ಕುದ್ದರೆ ಸಾಯುತ್ತದೆ. ಆದರೆ ಕುದಿಯುವ ಪಾತ್ರೆಯ ಪಕ್ಕ ನಿಂತರೆ ಫೋಟೊ ಚೆನ್ನಾಗಿ ಬರುವುದಿಲ್ಲ.

ಇನ್ನು ಮೆಡಿಕಲ್ ಶಾಪು. “ಅಣ್ಣಾ, ಜುಲಾಬಿಗೆ ಗುಳಿಗಿ ಕೊಡ್ರಿ” ಅಂದದ್ದೇ ತಡ, ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿಯ ಎರಡು ಗುಳಿಗೆ ಕತ್ತರಿಯಲ್ಲಿ ಕಟ್. ಹೆಸರು, ಎಕ್ಸ್‌ಪೈರಿ ಅಂಗಡಿಯಲ್ಲುಳಿದ ತುಂಡಿನ ಮೇಲೆ. ಬ್ಯಾಕ್ಟೀರಿಯಾ ಇದ್ದರೆ ಜೋಡಿಯ ಮೊದಲ ಮದ್ದಿಗೆ ಸಾಯಲಿ, ಅಮೀಬಾ ಇದ್ದರೆ ಎರಡನೆಯದಕ್ಕೆ. ಎರಡೂ ಇಲ್ಲದಿದ್ದರೆ ಗಿರಾಕಿಯ ಹಣೆಬರಹ. ಕ್ರಿಪ್ಟೋಗೆ ಈ ಜೋಡಿ ಲೆಕ್ಕಕ್ಕೇ ಇಲ್ಲ. ಅದಕ್ಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಮದ್ದು ಒಂದೇ, 2002ರ ನಿಟಜಾಕ್ಸನೈಡ್. ಎಚ್‌ಐವಿ ಇದ್ದವರಲ್ಲಿ ಅದನ್ನೂ ನೆಚ್ಚುವಂತಿಲ್ಲ. ಕುಷ್ಠದ ಹಳೇ ಮದ್ದು ಕ್ಲೋಫಜಿಮೈನನ್ನು ಮಲಾವಿಯಲ್ಲಿ ಇಂಥ ರೋಗಿಗಳಿಗೆ ಕೊಟ್ಟು ನೋಡಿದರು, ನಡೆಯಲಿಲ್ಲ.

ಹೊಸ ಮದ್ದು ಹುಡುಕುವುದು ಕಷ್ಟವೇನೋ ನಿಜ. ಲ್ಯಾಬಿನಲ್ಲಿ ಈ ಜೀವಿಯನ್ನು ಬೆಳೆಸುವುದೇ ತಲೆನೋವು. ಕರುಳಿನ ಜೀವಕೋಶದ ಅಂಚಿನಲ್ಲಿ ಪ್ರತ್ಯೇಕ ಗುಡಿಸಲು ಹಾಕಿಕೊಂಡಿರುತ್ತದೆ. ಭೇದಿಯ ರಭಸಕ್ಕೆ ಕೊಚ್ಚಿಹೋಗದೆ ಮದ್ದು ಅಲ್ಲಿಗೇ ಮುಟ್ಟಬೇಕು. ಆದರೆ ಇದು ಹೆಚ್ಚು ಕಾಡುವುದು ಬಡವರ ಎಳೆಮಕ್ಕಳನ್ನು. ಮೂರು ದಿನದ ಕೋರ್ಸು, ಮುಗೀತು. ಶುಗರಿನ ಗುಳಿಗೆಯಂತೆ ಮದ್ದಿನ ಕಂಪನಿಗೆ ಜೀವನಪೂರ್ತಿ ಗಿರಾಕಿ ಸಿಗುವುದಿಲ್ಲ. ಅಷ್ಟೇ ಕಥೆ. ಇದನ್ನು ನಗುತ್ತಾ ಬರೆದೂ ಬರೆದೂ ಸಾಕಾಗಿದೆ.

ಸದ್ಯಕ್ಕೆ ಮಗುವಿಗೆ ಓಆರ್‌ಎಸ್: 20.5 ಗ್ರಾಂ ಪೊಟ್ಟಣ ಪೂರ್ತಿ, ನೀರು ಸರಿಯಾಗಿ ಒಂದು ಲೀಟರ್. ಆರು ತಿಂಗಳು ದಾಟಿದ್ದರೆ ದಿನಕ್ಕೆ 20 ಮಿ.ಗ್ರಾಂ ಜಿಂಕ್, 14 ದಿನ. ಪೊಟ್ಟಣವನ್ನು ಆಶಾ ಕಾರ್ಯಕರ್ತೆ ಕೊಟ್ಟು ಹೋಗಿದ್ದಾರೆ. ಕಲಸಲಿಕ್ಕೆ ನೀರು? ನಾಳೆ ಬೆಳಿಗ್ಗೆ ಆರಕ್ಕೆ ನಳ ಬಿಡ್ತಾರಂತೆ.